ಅಯ್ಯನವರ ಮಗಳನ್ನು ಕೇಳಿದ್ದು

೧೯೦೮, ಮಾರ್ಚ್ ೪, ಬುಧವಾರ. ಬೆಳಿಗ್ಗೆ. ಶ್ರೀರಾಂಪುರ.

ಗರಡಿಯಿಂದ ಈಗ ಬಂದೆ. ಕಿವಿಯಲ್ಲಿ ಇನ್ನೂ ಕೆಮ್ಮಣ್ಣು. ಇವತ್ತು ಉಸ್ಮಾನ್ ಸಾಬರ ತಮ್ಮನ ಭುಜ ಕಳಚಿತು. ಸಾಕು ಅಂತ ಅವನು ನೆಲ ತಟ್ಟಿದ್ದು ಕೇಳಿಸಿತ್ತು... ಕೇಳಿಸಿದರೂ ಇನ್ನೊಂದು ತಿರುವು ತಿರುವಿದೆ. ಗರಡಿಯ ಉಸ್ತಾದರು ಉಸ್ಮಾನ್ ಸಾಬರೇ. ತಮ್ಮನ ತೋಳು ಎಳೆದು ಕೂರಿಸಿ ನನ್ನ ಕಡೆ ತಿರುಗಿದರು. "ಶೆಟ್ರೆ, ನಿಮ್ಮ ಮೈಯಾಗೆ ಬಲ ಐತೆ, ಲಗಾಮು ಇಲ್ಲ. ಒಂದು ವಾರ ಈ ಕಡೆ ಬರಬ್ಯಾಡ್ರಿ."

ಬರಬ್ಯಾಡ್ರಿಯಂತೆ! ಆ ಗರಡಿಗೆ ಹೆಂಚು ಹಾಕಿಸಿದ್ದು ನಮ್ಮಪ್ಪ.

ಸ್ನಾನ ಆಗಬೇಕು. ನಮ್ಮ ತೆಂಗಿನಕಾಯಿ ಮಂಡಿಗೆ ಹೋಗಬೇಕು. ಎರಡೂ ಬಿಟ್ಟು ನಾವೆಲ್ಲು ಹಿಡಿದು ಕುಳಿತಿದ್ದೇನೆ. ಕಾಲೇಜಿನ ಎಫ್.ಎ. ಪರೀಕ್ಷೆ ಫೇಲಾಗಿ ಮೈಸೂರಿನಿಂದ ತಂದದ್ದು ಒಂದು ಜೊತೆ ಬೂಟು, ಒಂದು ಇಂಗ್ಲಿಷ್ ನಾವೆಲ್ಲು. ಬೂಟು ಹರಿದುಹೋಯಿತು. ನಾವೆಲ್ಲು ಇದು ಮೂರನೇ ಸಲ.

ಒಬ್ಬ ದೊಡ್ಡ ಜಮೀನುದಾರ. ಒಬ್ಬ ಬಡ ಪಾದ್ರಿಯ ಮಗಳು. ನಿಮ್ಮ ಮನೆತನ ನನಗೆ ಸಮವಲ್ಲ, ಆದರೂ ಮನಸ್ಸು ಕೇಳುತ್ತಿಲ್ಲ, ನನ್ನನ್ನು ಮದುವೆಯಾಗು ಅಂತ ಅವನು ನೆಟ್ಟಗೆ ಅವಳ ಮುಂದೆಯೇ ನಿಂತು ಕೇಳುತ್ತಾನೆ. ಅವಳು ಉರಿದುಬಿದ್ದು ಒಲ್ಲೆ ಅನ್ನುತ್ತಾಳೆ. ಆಮೇಲೆ ಅವಳ ಅಣ್ಣನಿಗೆ ಆಪತ್ತು ಬರುತ್ತದೆ. ಇವನು ಯಾರಿಗೂ ತಿಳಿಯದ ಹಾಗೆ ಅವನನ್ನು ಉಳಿಸುತ್ತಾನೆ. ಕೊನೆಗೆ ಅವಳೇ... ಆಹಾ! ಅಷ್ಟು ದಪ್ಪ ಪುಸ್ತಕದಲ್ಲಿ ಒಂದೇ ಒಂದು ಏಟಿಲ್ಲ. ಈ ಇಂಗ್ಲಿಷರು ಸಿಟ್ಟು ಬಂದರೆ ಟೀ ಕುಡಿಯುತ್ತಾರೆ.

ಮಾರ್ಚ್ ೬, ಶುಕ್ರವಾರ.

ಮೈ ಇನ್ನೂ ಉರಿಯುತ್ತಿದೆ. ಸಿಟ್ಟಿಗೋ ಬೇರೆ ಯಾವುದಕ್ಕೋ ಗೊತ್ತಾಗುತ್ತಿಲ್ಲ.

ಕೆರೆ ಏರಿಯ ಕೆಳಗೆ ನಮ್ಮ ತೆಂಗಿನಕಾಯಿ ಗಾಡಿ ಮರಳಿನಲ್ಲಿ ಹೂತುಕೊಂಡಿತ್ತು. ಗಾಡಿ ಹೊಡೆಯುವ ಜುಂಜಯ್ಯ ಗಾಲಿಗೆ ಹೆಗಲು ಕೊಟ್ಟಿದ್ದ. ಬಲಗಡೆ ಎತ್ತು ಮಂಡಿಯೂರಿತು. ಬಾರುಕೋಲು ಕಿತ್ತುಕೊಂಡು ಬಾರಿಸಿದೆ. ಏಳಲಿಲ್ಲ. ಬೆನ್ನ ಮೇಲೆ ರಕ್ತ ಕಂಡಿತು, ಆದರೂ ಬಾರಿಸಿದೆ. "ಬ್ಯಾಡ್ರಿ ಧಣಿ, ಉಸಿರು ತಗಳ್ಲಿ" ಅಂತ ಜುಂಜಯ್ಯ ಅಡ್ಡ ಬಂದ. ಅವನಿಗೂ ಎರಡು ಬಿಟ್ಟೆ. ಮೂರನೆಯದಕ್ಕೆ ಕೈ ಎತ್ತಿದರೆ ಕೋಲು ಬರುತ್ತಿಲ್ಲ. ಹಿಂದಿನಿಂದ ಯಾರೋ ಹಿಡಿದಿದ್ದಾರೆ.

ತಿರುಗಿ ನೋಡಿದೆ. ಶಿವಗಂಗಮ್ಮ. ನಮ್ಮ ಮನೆಗೆ ಪಾದಪೂಜೆಗೆ ಬರುವ ಮರುಳಸಿದ್ಧಯ್ಯನವರ ಮಗಳು. ಗೊತ್ತುಮಾಡಿದ್ದ ಹುಡುಗ ಪ್ಲೇಗಿನಲ್ಲಿ ಹೋದ ಮೇಲೆ ಹತ್ತೊಂಬತ್ತಾದರೂ ಮದುವೆಯಾಗದೆ ಉಳಿದವಳು. ಸೊಂಟದಲ್ಲಿ ಕೊಡ. ಇನ್ನೊಂದು ಕೈಯಲ್ಲಿ ನನ್ನ ಬಾರುಕೋಲಿನ ತುದಿ.

"ಏನಪ್ಪ ರೇವಣಸಿದ್ದಪ್ಪ, ಎತ್ತಿಗೆ ಬಾಯಿಲ್ಲ. ಈ ಜುಂಜಯ್ಯಂಗೆ ಬಾಯಿದ್ರೂ ತೆಗೆಯಂಗಿಲ್ಲ. ನಿನ್ನ ಪೌರುಷಕ್ಕೆ ಇವರೇ ಸಿಕ್ಕಿದ್ರಾ? ಹೊಡೀಲೇಬೇಕು ಅಂದ್ರೆ ನನ್ನ ಹೊಡಿ, ನೋಡಾಣ."

ಕೋಲು ಸೆಳೆದುಕೊಂಡು ಕಳ್ಳಿ ಬೇಲಿಯ ಆಚೆ ಎಸೆದಳು. ಹೋದಳು.

ಏಕವಚನ! ಈ ಊರಿನಲ್ಲಿ ನಮ್ಮಮ್ಮನನ್ನು ಬಿಟ್ಟು ನನಗೆ ಏಕವಚನ ಹಾಕುವವರು ಯಾರಿದ್ದಾರೆ? ಎಂಥ ಎದೆ! ಸಾಕ್ಷಾತ್ ಆ ಪಾದ್ರಿಯ ಮಗಳೇ. ಊಟ ಸೇರಲಿಲ್ಲ.

ಮಾರ್ಚ್ ೯, ಸೋಮವಾರ.

ಅಯ್ಯನವರು ಮರುಳಸಿದ್ಧಯ್ಯ ಬಂದಿದ್ದರು. ಪ್ರತಿ ಸೋಮವಾರದ ಹಾಗೆ ಅಮ್ಮ ಅವರ ಪಾದ ತೊಳೆದು, ವಿಭೂತಿ ಹಚ್ಚಿ, ಪತ್ರೆ ಏರಿಸಿ, ಆ ನೀರನ್ನು ನನಗೂ ಕೊಟ್ಟಳು. ಕುಡಿದೆ. ಹುಟ್ಟಿದಾಗಿನಿಂದ ಕುಡಿಯುತ್ತಿದ್ದೇನೆ, ಗಂಟಲಿಗೆ ಇಳಿದದ್ದೂ ಗೊತ್ತಾಗುವುದಿಲ್ಲ. ನನ್ನ ಕಣ್ಣೆಲ್ಲ ಅವರ ಶಾಲಿನ ಮೇಲೆ. ಎರಡು ಕಡೆ ತೇಪೆ. ಭಿಕ್ಷೆಯ ಜೋಳಿಗೆಯೂ ಹಳತು. ಪುಸ್ತಕದ ಪಾದ್ರಿಯ ಕೋಟು ಹೀಗೇ ಇತ್ತು. ಪಾಪ, ಇವರನ್ನು ಮೇಲೆತ್ತಬೇಕು. ಮಗಳು ನಮ್ಮ ಮನೆಗೆ ಬಂದರೆ ಇವರಿಗೆ ಒಂದು ಮಾಳಿಗೆ ಮನೆ ಕಟ್ಟಿಸುತ್ತೇನೆ.

ಊಟಕ್ಕೆ ಕುಳಿತಾಗ ಅಮ್ಮ ಹಿರಿಯೂರಿನ ಹೆಣ್ಣಿನ ಮಾತು ತೆಗೆದಳು. "ಕಮಲಮ್ಮ ಅಂತ. ಹತ್ತಿ ಮಂಡಿಯೋರ ಮಗಳು. ಮನೆ ನಮಗೆ ಸಮ ಐತೆ. ಹೂಂ ಅನ್ನಲೇ ಸಿದ್ದ."

ತಟ್ಟೆ ಎತ್ತಿ ಗೋಡೆಗೆ ಹೊಡೆದೆ. ಸಾರು ಗೂಡಿನ ದೀಪದವರೆಗೆ ಹಾರಿತು. ಅಮ್ಮ ಎದ್ದು ಸೆರಗಿನಿಂದ ಗೋಡೆ ಒರೆಸಿದಳು. ಅದರಿಂದ ಇನ್ನೂ ಸಿಟ್ಟು ಬಂತು.

ಹಿರಿಯರನ್ನು ಕಳಿಸುವುದಿಲ್ಲ. ವೀಳ್ಯ, ಮಾತುಕತೆ ಯಾವುದೂ ಬೇಡ. ಜಂಟಲ್‌ಮನ್ ಹಾಗೆ ನಾನೇ ಹೋಗಿ ಅವಳನ್ನೇ ಕೇಳುತ್ತೇನೆ.

ಮಾರ್ಚ್ ೧೧, ಬುಧವಾರ. ದೀಪ ಹಚ್ಚುವ ಹೊತ್ತು.

ತುಟಿ ಸೀಳಿದೆ. ಆದದ್ದನ್ನು ಆದ ಹಾಗೆ ಬರೆಯಬೇಕು.

ಮಧ್ಯಾಹ್ನ ಕೋಟು ಹಾಕಿಕೊಂಡು ಹೋದೆ. ಅಯ್ಯನವರು ಭಿಕ್ಷೆಗೆ ಹೋಗಿದ್ದರು. ಶಿವಗಂಗಮ್ಮ ಹಿತ್ತಲ ಬಾವಿಯಲ್ಲಿ ನೀರು ಸೇದುತ್ತಿದ್ದಳು. ಬೆವರು ಕಿತ್ತುಕೊಂಡು ಬಂತು. "ಕೇಳ್ರಿ, ನಾನೊಂದು ಇಂಗ್ಲಿಷ್ ಪುಸ್ತಕ ಓದಿದೀನಿ..." ಅಂತ ಶುರುಮಾಡಿ ಇಡೀ ಕಥೆ ಹೇಳಿಬಿಟ್ಟೆ. ಆಮೇಲೆ ನನ್ನ ಮಾತು. "ನಿಮ್ಮ ಮನೆ ಬಡತನ, ನಿಮ್ಮಪ್ಪನವರ ಭಿಕ್ಷೆ, ಯಾವುದನ್ನೂ ನಾನು ಲೆಕ್ಕಕ್ಕೆ ಇಟ್ಟಿಲ್ಲ. ನನ್ನ ಅಂತಸ್ತು ಬಿಟ್ಟು, ಇಳಿದು ಬಂದು ಕೇಳ್ತಿದೀನಿ. ನನ್ನ ಮದುವೆ ಆಗ್ತೀರಾ?"

ಅವಳ ಕೈಯಿಂದ ಹಗ್ಗ ಜಾರಿ ಕೊಡ ದಬಾರನೆ ಬಾವಿಗೆ ಬಿತ್ತು. ನಕ್ಕಳು. ಬಾಯಿಗೆ ಸೆರಗು ಒತ್ತಿಕೊಂಡು, ಬಾವಿಕಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ಇಳಿದು ಬಂದೆ ಅಂತೀಯಲ್ಲಪ್ಪ, ಎಲ್ಲಿಂದ ಇಳಿದೆ? ಮೊನ್ನೆ ಸೋಮವಾರ ನಮ್ಮಪ್ಪನ ಕಾಲು ತೊಳೆದ ನೀರು ಕುಡಿದೋನು ಇವತ್ತು ನಮ್ಮನ್ನ ಮ್ಯಾಲೆತ್ತಾಕೆ ಬಂದ್ಯಾ? ಅಯ್ನೋರ ಮನೆ ಹೆಣ್ಣನ್ನ ಭಕ್ತರ ಮನೆಗೆ ಕೊಟ್ಟಿದ್ದು ಈ ಸೀಮ್ಯಾಗೆ ಎಲ್ಲಾನ ಕೇಳಿದೀಯಾ? ನಿನ್ನ ಪುಸ್ತಕದ ಪಾದ್ರಿ ಯಜಮಾನನ ಮುಂದೆ ಟೋಪಿ ತೆಗೀತಾನೆ. ನಮ್ಮಪ್ಪನ ಮುಂದೆ ನಿಮ್ಮವ್ವ ನೆಲಕ್ಕೆ ಬೀಳ್ತಾಳೆ. ಅಷ್ಟೂ ಗೊತ್ತಾಗಲಿಲ್ವಾ?"

ಗೊತ್ತಾಗಲಿಲ್ಲ. ಶಿವನಾಣೆ, ಗೊತ್ತಾಗಲಿಲ್ಲ. ವ್ಯಾಪಾರದ ನಮ್ಮ ಬಣಜಿಗರಿಗಿಂತ ಗುರುಗಳಾದ ಜಂಗಮರು ಕುಲದಲ್ಲಿ ಮೇಲು ಅನ್ನುವುದು ತೊಟ್ಟಿಲ ಕೂಸಿಗೂ ಗೊತ್ತು. ಅವಳ ಏಕವಚನ ಎದೆಗಾರಿಕೆಯಲ್ಲ, ಗುರುಮನೆಯವರು ಶಿಷ್ಯರನ್ನು ಕರೆಯುವ ರೀತಿ. ನಾನು ನೋಡಿದ್ದು ಶಾಲಿನ ತೇಪೆ ಮಾತ್ರ. ಫೂಲ್! ಕಿವಿ ಕಾದವು.

ನಗು ನಿಲ್ಲಿಸಿ ಇನ್ನೊಂದು ಮಾತು ಅಂದಳು. "ಕುಲ ಹಾಳಾಗ್ಲಿ. ನೀನು ಅಯ್ನೋರ ಮಗನೇ ಆಗಿದ್ರೂ ಒಲ್ಲೆ ಅಂತಿದ್ದೆ. ನಿನ್ನ ಕಂಡ್ರೆ ನಂಗೆ ಭಯ ಆಗ್ತೈತೆ ಕಣಪ್ಪ."

ಕೈ ಹಿಡಿದೆ. ಬಿಡು ಅಂದಳು. ಬಿಡಲಿಲ್ಲ. ಬಳೆ ಒಡೆದು ಮಣಿಕಟ್ಟಿನಲ್ಲಿ ರಕ್ತ. ಅಷ್ಟರಲ್ಲಿ ಅವಳ ಅಣ್ಣ ಗುರುಶಾಂತಯ್ಯ ಒನಕೆ ಹಿಡಿದು ಬಂದ. ಮೊದಲನೇ ಏಟು ಹೆಗಲಿಗೆ, ಎರಡನೆಯದು ಬಾಯಿಗೆ. ಅಲ್ಲಿಂದ ಮುಂದೆ ನನಗೆ ಕಣ್ಣು ಕಾಣಲಿಲ್ಲ. ಒನಕೆ ಕಸಿದು ಬಿಸಾಡಿದೆ. ಅವನನ್ನು ಎತ್ತಿ ಬಾವಿಕಟ್ಟೆಗೆ ಅಪ್ಪಳಿಸಿದೆ. ಅಲ್ಲೇ ಅದುಮಿ ಹಿಡಿದು ಮುಖಕ್ಕೆ ಗುದ್ದಿದೆ. ಹಲ್ಲು ಮುರಿದದ್ದು ಮುಷ್ಟಿಗೆ ತಿಳಿಯಿತು. ಅವನು ನನ್ನ ಕತ್ತು ಹಿಚುಕಿದ. ನಾನು ಅವನ ಕತ್ತಿಗೆ ಕೈ ಹಾಕಿ ಎಳೆದೆ. ಕೈಗೆ ಬಂದದ್ದು ಲಿಂಗ ಕಟ್ಟಿದ ಶಿವದಾರ. ಕಿತ್ತುಬಂತು. ವಸ್ತ್ರ ಬಿಚ್ಚಿಕೊಂಡು ಅವನ ಇಷ್ಟಲಿಂಗ ಕಟ್ಟೆಯ ಮೇಲೆ ಪುಟಿದು ಬಾವಿಯೊಳಗೆ ಬಿತ್ತು. ಗುಳುಂ ಅಂತ ಸಣ್ಣ ಸದ್ದು.

ಗುರುಶಾಂತಯ್ಯ ನನ್ನ ಕತ್ತು ಬಿಟ್ಟ. ಎದೆ ತಡವಿಕೊಂಡ. "ಹೋಯ್ತು" ಅಂದ. ಅಷ್ಟೇ. ಶಿವಗಂಗಮ್ಮ ಬಾಯಿ ಬಾಯಿ ಬಡಿದುಕೊಂಡಳು. ನಾನು ಓಡಿ ಬಂದೆ. ಹೌದು, ಓಡಿ ಬಂದೆ.

ಮಾರ್ಚ್ ೧೨, ಗುರುವಾರ.

ಗುರು ಕಟ್ಟಿದ ಲಿಂಗ ಸಾಯುವವರೆಗೆ ಮೈ ಬಿಡಬಾರದು. ಕಳೆದರೆ ಸಿಗುವವರೆಗೆ ಅನ್ನ ನೀರು ಮುಟ್ಟುವಂತಿಲ್ಲ. ಸಿಗದಿದ್ದರೆ ಹಿಂದಿನವರು ಪ್ರಾಣವನ್ನೇ ಬಿಡುತ್ತಿದ್ದರಂತೆ. ಈಗ ಗುರುಗಳು ಪ್ರಾಯಶ್ಚಿತ್ತ ಮಾಡಿಸಿ ಬೇರೆ ಕಟ್ಟುವುದುಂಟು. ಗುರುಶಾಂತಯ್ಯ ಒಪ್ಪಿಲ್ಲ. "ಅದೇ ಬೇಕು, ಇಲ್ಲಾಂದ್ರೆ ನನ್ನ ಹೆಣ ಎತ್ರಿ" ಅಂದನಂತೆ. ಒಡೆದ ಬಾಯಿಗೆ ಒಂದು ಹನಿ ನೀರೂ ಹಾಕಿಕೊಳ್ಳದೆ ಬಾವಿಕಟ್ಟೆಯ ಮೇಲೇ ಕುಳಿತಿದ್ದಾನೆ. ಇಬ್ಬರು ಮುಳುಗಿ ನೋಡಿದರು. ತಳದಲ್ಲಿ ಬರೀ ಕೆಸರು.

ಮಂಡಿಗೆ ಒಬ್ಬರೂ ಬರಲಿಲ್ಲ. ಬೀದಿಗೆ ಇಳಿದರೆ ಜನ ಬಾಗಿಲು ಹಾಕಿಕೊಳ್ಳುತ್ತಾರೆ. ಮಧ್ಯಾಹ್ನ ಯಾರೋ ಹೆಂಚಿನ ಮೇಲೆ ಕಲ್ಲು ತೂರಿದರು. ದೊಣ್ಣೆ ಹಿಡಿದು ಹೊರಗೆ ಹೋದೆ. ಬೀದಿ ಖಾಲಿ. ದೊಣ್ಣೆಯನ್ನು ನಮ್ಮ ಕಂಬಕ್ಕೇ ಹೊಡೆದು ಮುರಿದೆ.

ಅಮ್ಮ ತಲೆಬಾಗಿಲಲ್ಲಿ ಕುಳಿತು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು. "ಜಂಗಮದ ಮ್ಯಾಲೆ ಕೈ ಮಾಡಿದ್ಯಲ್ಲೋ! ನಿನ್ನ ಹೊತ್ತ ಹೊಟ್ಟಿಗೆ ಬೆಂಕಿ ಹಾಕ! ಆತ ಸತ್ರೆ ಏಳು ಜನ್ಮಕ್ಕೂ ನಮಗೆ ನೀರು ಹುಟ್ಟಲ್ಲ ಕಣೋ!"

ಗುರುಶಾಂತಯ್ಯ ಸತ್ತರೆ ನಾನು ಕೊಲೆಗಾರ. ಅವಳ ಅಣ್ಣನನ್ನು ಕೊಂದವನು. ಅಲ್ಲಿಗೆ ಎಲ್ಲ ಮುಗಿಯಿತು.

ನಾವೆಲ್ಲಿನ ಜಮೀನುದಾರ ಇಂಥ ಹೊತ್ತಿನಲ್ಲೇ ಅಲ್ಲವೇ ಅವಳ ಅಣ್ಣನನ್ನು ಉಳಿಸಿದ್ದು? ಉಳಿಸುತ್ತೇನೆ. ಆ ಬಾವಿಯನ್ನು ಬತ್ತಿಸುತ್ತೇನೆ.

ಮಾರ್ಚ್ ೧೩, ಶುಕ್ರವಾರ. ಸಂಜೆ.

ತೋಟದ ನೀರೆತ್ತುವ ಕಪಿಲೆ ಕಿತ್ತು ತಂದು ಅವರ ಬಾವಿಗೆ ಹೂಡಿದೆ. ಮಗನ ಜೀವಕ್ಕಾಗಿ ಅಯ್ಯನವರು ತಡೆಯಲಿಲ್ಲ. ತೊಗಲಿನ ಬಾನಿ, ಹಗ್ಗ, ನಮ್ಮ ಎತ್ತುಗಳೆಲ್ಲ. ಕರೆದರೆ ಊರಿನವರು ಯಾರೂ ಬರಲಿಲ್ಲ. ಜುಂಜಯ್ಯ ಎತ್ತು ಹೊಡೆದ. ಉಸ್ಮಾನ್ ಸಾಬರು ಕರೆಯದೇ ಬಂದು ಹಗ್ಗ ಹಿಡಿದರು. "ನಿಮ್ಮ ಸಲುವಾಗಿ ಅಲ್ಲ ಶೆಟ್ರೆ, ಆ ಅಯ್ನೋರ ಜೀವಕ್ಕೆ" ಅಂದರು. ಗುರುಶಾಂತಯ್ಯ ಗೋಡೆಗೆ ಒರಗಿದ್ದ. ತುಟಿ ಬಿರಿದಿತ್ತು. ನನ್ನ ಕಡೆ ನೋಡಲಿಲ್ಲ. ಶಿವಗಂಗಮ್ಮ ಒದ್ದೆ ಬಟ್ಟೆ ಅವನ ಹಣೆಗೆ ಒತ್ತುತ್ತಿದ್ದಳು. ಬಾಯಿಯ ಹತ್ತಿರ ತಂದರೆ ಮುಖ ತಿರುಗಿಸುತ್ತಿದ್ದ.

ಇಳಿಹೊತ್ತಿಗೆ ತಳ ಕಂಡಿತು. ನಾನೇ ಇಳಿದೆ. ಸೊಂಟದವರೆಗೆ ಕೆಸರು. ಪಕ್ಕದ ಮಣ್ಣು ಕುಸಿದು ಕಲ್ಲೊಂದು ಬೆನ್ನಿಗೆ ಬಡಿಯಿತು, ಉಸಿರು ಸಿಕ್ಕಿಕೊಂಡಿತು. ಮತ್ತೆ ಕೈ ಆಡಿಸಿದೆ. ಕೆಸರು ಹಿಂಡಿ ಹಿಂಡಿ ನೋಡಿದೆ. ಸಿಕ್ಕಿತು. ಕರ್ರಗೆ, ನೇರಳೆ ಹಣ್ಣಿನಷ್ಟು.

"ಸಿಕ್ತಾ ಧಣಿ?" ಜುಂಜಯ್ಯ ಮೇಲಿನಿಂದ ಕೂಗಿದ.

"ಇಲ್ಲ" ಅಂದೆ.

ಯಾಕೆ ಅಂದೆ? ಬಾವಿಯಲ್ಲಿದ್ದಾಗ ಗೊತ್ತಿರಲಿಲ್ಲ, ಈಗ ಗೊತ್ತು. ಸುಮ್ಮನೆ ಕೊಟ್ಟರೆ ತೆಗೆದುಕೊಳ್ಳುತ್ತಾರೆ, ಬಾಗಿಲು ಹಾಕಿಕೊಳ್ಳುತ್ತಾರೆ. ಆಮೇಲೆ ಅವಳು ನನ್ನ ಮುಖವನ್ನೂ ನೋಡುವುದಿಲ್ಲ. ಅರಳೆಯಲ್ಲಿ ಸುತ್ತಿ ನನ್ನ ಮುಂದೆಯೇ ಇಟ್ಟುಕೊಂಡಿದ್ದೇನೆ. ಆ ಕಡೆ ನೋಡಲು ಆಗುತ್ತಿಲ್ಲ. ಗುರುಶಾಂತಯ್ಯನ ನಾಲಿಗೆ ಊದಿಕೊಂಡಿದೆಯಂತೆ.

ಮಾರ್ಚ್ ೧೪, ಶನಿವಾರ.

ಬೆಳಿಗ್ಗೆ ಹೋಗಿ ಅವಳನ್ನು ಕೊಟ್ಟಿಗೆಯ ಹಿಂದೆ ಕರೆದೆ. ಅರಳೆ ಬಿಚ್ಚಿ ತೋರಿಸಿದೆ. ಕೈ ಚಾಚಿದಳು. ಮುಷ್ಟಿ ಮುಚ್ಚಿದೆ.

"ಮೊದಲು ಮಾತು ಕೊಡ್ರಿ. ನನ್ನ ಮದುವೆ ಆಗ್ತೀನಿ ಅಂತ."

ಅಳಲಿಲ್ಲ. ಬೈಯಲಿಲ್ಲ. ಒಳಗೆ ಅವಳ ಅಣ್ಣ ಕೆಮ್ಮಿದ. ಬರೀ ಗಾಳಿಯ ಸದ್ದು.

"ಆತು, ಕೊಟ್ಟೆ. ಈಗ ಕೊಡು."

ಕೊಟ್ಟೆ. ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಎರಡು ಹೆಜ್ಜೆ ಹೋಗಿ ತಿರುಗಿ ಕೇಳಿದಳು. "ನಿನ್ನ ಪುಸ್ತಕದಾಗೆ ಹಿಂಗೇ ಐತಾ?"

ಇಲ್ಲ. ಅಣ್ಣನನ್ನು ಉಳಿಸಿದ್ದಕ್ಕೆ ಆ ಜಮೀನುದಾರ ಏನನ್ನೂ ಕೇಳಿರಲಿಲ್ಲ.

ಮನೆಗೆ ಬಂದು ಪುಸ್ತಕವನ್ನು ಒಲೆಗೆ ಹಾಕಿದೆ. ರಟ್ಟು ಬೇಗ ಸುಡುವುದಿಲ್ಲ. ಕೊಳ್ಳಿಯಿಂದ ತಿವಿದು ತಿವಿದು ಸುಟ್ಟೆ.

ಮಾರ್ಚ್ ೧೫, ಭಾನುವಾರ. ಮಧ್ಯಾಹ್ನ.

ಮಾತು ಉಳಿಸಿಕೊಂಡಳು. ಒಬ್ಬಳೇ ನಡೆದು ಬಂದಳು, ಕೈಯಲ್ಲಿ ಒಂದು ಬಟ್ಟೆ ಗಂಟು. ಗೆದ್ದೆ ಅಂದುಕೊಂಡೆ. ಒಂದು ಗಳಿಗೆ ನಿಜವಾಗಿಯೂ ಹಾಗೇ ಅಂದುಕೊಂಡೆ.

"ಸೊಸೆ ಬಂದಿದಾಳೆ, ನೋಡು" ಅಂತ ಅಮ್ಮನನ್ನು ಕೂಗಿದೆ. ಅಮ್ಮ ಬಂದಳು, ನೋಡಿದಳು, ಉದ್ದಕ್ಕೆ ಬಿದ್ದು ಆ ಹುಡುಗಿಯ ಪಾದ ಹಿಡಿದಳು. "ತಪ್ಪಾತು ತಾಯಿ, ಹೊಟ್ಟಿಗೆ ಹಾಕ್ಕಳ್ರಿ." ಬೋಗುಣಿ ತಂದು ಕಾಲು ತೊಳೆದಳು. ಆ ನೀರು ಕುಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಇವರನ್ನ ಸೊಸಿ ಅಂತ ಒಲೆ ಮುಂದೆ ಕೂರಿಸ್ಲೇನೋ? ಎಂಜಲು ಪಾತ್ರೆ ತಿಕ್ಕಿಸ್ಲಾ? ನಾಳೆ ಇವರ ಮ್ಯಾಲೂ ನೀನು ಕೈ ಎತ್ತಿದ್ರೆ ನಾನು ಯಾರ ಕಾಲು ಹಿಡೀಲಿ, ಹೇಳು!"

ಶಿವಗಂಗಮ್ಮ ನನ್ನನ್ನೇ ನೋಡುತ್ತಿದ್ದಳು. ಮಣಿಕಟ್ಟಿನ ಗಾಯಕ್ಕೆ ಅರಿಶಿನ ಹಚ್ಚಿಕೊಂಡಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ನನ್ನನ್ನು ಕಂಡು ಜನ ಹೆದರಿದರೆ ನನಗೆ ಯಾವಾಗಲೂ ಹೆಮ್ಮೆ. ಇವತ್ತು ನಾನೇ ಕಣ್ಣು ತಗ್ಗಿಸಿದೆ. ಮನೆಗೆ ಹೋಗ್ರಿ ಅನ್ನಬೇಕು ಅಂತ ನಾಲಿಗೆಯ ತುದಿಗೆ ಬಂತು. ಅನ್ನಲಿಲ್ಲ. ಅಂದರೆ ಹೋಗಿಬಿಡುತ್ತಾಳಲ್ಲ... ಎದ್ದು ಬಂದು ಇಲ್ಲಿ ಕುಳಿತು ಇದನ್ನು ಗೀಚುತ್ತಿದ್ದೇನೆ. ಹೇಡಿ.

ಬೀದಿಯಲ್ಲಿ ಗಲಾಟೆ. ಯಾರೋ ನನ್ನ ಹೆಸರು ಹಿಡಿದು ಕೂಗುತ್ತಿದ್ದಾರೆ. ಅಮ್ಮ ಕಿರುಚಿದಳು—

ಮಾರ್ಚ್ ೨೭, ಶುಕ್ರವಾರ.

ಎಡಗೈ ಬರಹ. ಬಲಗೈಯಲ್ಲಿ ಈಗ ಎರಡೇ ಬೆರಳು. ಜ್ವರ ನಿನ್ನೆ ಬಿಟ್ಟಿತು.

ಬಂದವನು ಗುರುಶಾಂತಯ್ಯ. ಲಿಂಗ ಕಟ್ಟಿಕೊಂಡು ನೀರು ಕುಡಿದ ಮೇಲೆ ಅದಕ್ಕೆ ತಂಗಿ ತೆತ್ತ ಬೆಲೆ ಅವನಿಗೆ ತಿಳಿದಿದೆ. ಕೈಯಲ್ಲಿ ಕಾಯಿ ಕೆತ್ತುವ ಮಚ್ಚು. ನಿಲ್ಲಲು ತ್ರಾಣವಿರಲಿಲ್ಲ, ಆದರೂ ಬೀಸಿದ. ಕತ್ತಿಗೆ ಬಂದ ಏಟಿಗೆ ಕೈ ಅಡ್ಡ ಕೊಟ್ಟೆ. ಬೆರಳು ಜಗುಲಿಯ ಮೇಲೆ ಬಿದ್ದವು. ಬೀಸಿದ ರಭಸಕ್ಕೆ ಅವನೂ ಬಿದ್ದ. ಒಂದು ಒದೆ ಕೊಟ್ಟಿದ್ದರೆ ಅವನ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಕಾಲು ಎತ್ತಿದ್ದೆ.

ಶಿವಗಂಗಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ಕಾಲು ಇಳಿಸಿದೆ. ಆಮೇಲೆ ನೆನಪಿಲ್ಲ. ಅಯ್ಯನವರು ಬಂದು ಮಗನನ್ನೂ ಮಗಳನ್ನೂ ಮನೆಗೆ ಕರೆದುಕೊಂಡು ಹೋದರಂತೆ.

ಹೊಸದುರ್ಗದಿಂದ ಪೊಲೀಸ್ ದಫೇದಾರ ಬಂದಿದ್ದ. "ಯಾರು ಕಡಿದದ್ದು?" ಯಾರೂ ಇಲ್ಲ, ಕಾಯಿ ಕೆತ್ತುವಾಗ ಮಚ್ಚು ಜಾರಿತು ಅಂದೆ. ನಂಬಲಿಲ್ಲ. ಬರೆದುಕೊಂಡು ಹೋದ. ಜುಂಜಯ್ಯನಿಗೂ ಉಸ್ಮಾನ್ ಸಾಬರಿಗೂ ಹಾಗೇ ಹೇಳಲು ತಿಳಿಸಿದೆ. ಅವಳ ಮನೆಗೆ ಹೇಳಿಕಳಿಸಲಿಲ್ಲ. ಬದಲಿಗೆ ಏನೂ ಕೇಳಲಿಲ್ಲ. ಎಷ್ಟೋ ದಿನದ ಮೇಲೆ ನಿದ್ದೆ ಬಂತು.

ಮಾರ್ಚ್ ೩೦, ಸೋಮವಾರ.

ಶಿವಗಂಗಮ್ಮ ಬಂದಿದ್ದಳು. ಬೀದಿಯಲ್ಲಿ ಬಾಡಿಗೆ ಗಾಡಿ. ಗಾಡಿಯಲ್ಲಿ ಅಯ್ಯನವರು, ಗುರುಶಾಂತಯ್ಯ. ಒಳಗೆ ಬರಲಿಲ್ಲ.

"ಹೊಸದುರ್ಗಕ್ಕೆ ಹೋಗ್ತಿದೀವಿ. ದಫೇದಾರನ ಮುಂದೆ ನಡೆದದ್ದೆಲ್ಲ ಹೇಳ್ತೀವಿ."

"ಯಾಕೆ? ಮಚ್ಚು ಜಾರಿತು ಅಂತ ನಾನೇ ಹೇಳಿದೀನಲ್ಲ! ನಿಮ್ಮಣ್ಣಂಗೆ ವರ್ಷಗಟ್ಲೆ ಜೈಲಾಗ್ತೈತೆ."

"ಆಗ್ಲಿ. ಅವನೇ ಹೋಗಾಣ ಅಂದ. ಒಂದ್ಸಲ ಅವನ ಜೀವ ನಿನ್ನ ಮುಷ್ಟ್ಯಾಗಿತ್ತು, ಬೆಲೆ ಕೇಳಿದೆ. ಈಗ ನಿನ್ನ ನಾಲಿಗಿ ಮ್ಯಾಲೆ ಐತೆ. ಯಾವತ್ತು ಕೇಳ್ತೀಯೋ ಅಂತ ಕಾಯ್ಕಂಡು ಕುಂತ್ಕಳಾಕೆ ನಮ್ಮ ಕೈಲಿ ಆಗಲ್ಲಪ್ಪ. ನಾನು ಕೊಟ್ಟ ಮಾತು ಐತೆ, ಕರೆದ್ರೆ ಬರ್ತೀನಿ. ನಿನ್ನ ಉಪಕಾರ ಮಾತ್ರ ಬ್ಯಾಡ."

ಗಾಡಿ ಹೋಯಿತು.

ಈ ಸಲ ಏನೂ ಕೇಳುವುದಿರಲಿಲ್ಲ. ದೇವರಾಣೆ, ಕೇಳುವುದಿರಲಿಲ್ಲ. ಅವಳು ಯಾಕೆ ನಂಬಬೇಕು? ನಾನಾಗಿದ್ದರೂ ನಂಬುತ್ತಿರಲಿಲ್ಲ.

ಜುಂಜಯ್ಯನಿಗೆ ಕುದುರೆ ಗಾಡಿ ಹೂಡು ಅಂದಿದ್ದೇನೆ. ಅವಳ ಅಣ್ಣ ಬಾಯಿ ತೆಗೆಯುವ ಮೊದಲೇ ದಫೇದಾರನ ಮುಂದೆ ನಿಲ್ಲಬೇಕು. ಕೈ ಹಿಡಿದು ಎಳೆದದ್ದು, ಲಿಂಗ ಬಚ್ಚಿಟ್ಟದ್ದು, ಸಾಯುವವನ ಮನೆಯಲ್ಲಿ ಹೆಣ್ಣು ಕೇಳಿದ್ದು, ಎಲ್ಲ ಮೊದಲು ನಾನು ಹೇಳಬೇಕು. ಅಮ್ಮ ನನ್ನ ತಲೆಗೆ ರುಮಾಲು ಸುತ್ತುತ್ತಿದ್ದಾಳೆ, ಒಂದು ಕೈಯಲ್ಲಿ ನನಗೆ ಆಗುವುದಿಲ್ಲ. ಅವಳು ಅಳುತ್ತಿದ್ದಾಳೆ, ಸುಮ್ಮನಿರೇ ಅಂದೆ, ಮೆಲ್ಲಗೆ ಅಂದೆ. ಅವರ ಗಾಡಿ ಇಷ್ಟು ಹೊತ್ತಿಗೆ ಊರು ದಾಟಿರಬೇಕು. ದಾರಿಯಲ್ಲಿ ಸಿಕ್ಕರೆ ಶಿವಗಂಗಮ್ಮನಿಗೆ ಹೇಳುವುದು ಒಂದೇ ಮಾತು, ಇನ್ನು ಯಾವತ್ತೂ ನಾನು ನಿಮ್ಮನ್ನು ಕರೆಯುವುದಿಲ್ಲ.